ಕೋಶಕಾರನ ದಿನಚರಿ: ವೃತ್ತಿಯಲ್ಲಿ ಬೆಳೆಯುವ ಬಗೆ

ದುಡಿಮೆಯನ್ನು ಹೇಳುವ ಮಾತುಗಳು ಕನ್ನಡದಲ್ಲಿ ಹಲವಿವೆ. ಕೆಲಸ, ಗೇಯ್ಮೆ, ಊಳಿಗ, ದುಡಿಮೆ ಎಂಬವು ಮನೆಯ ಮಾತುಗಳು. ಕಸುಬು ಎಂಬುದು ಗಳಿಕೆ ಎಂಬ ಅರ್ಥದ ಅರಬ್ಬೀ ಶಬ್ದದಿಂದ ಬಂದುದು. ನೌಕರಿ, ಚಾಕರಿಗಳು ಪಾರಸಿಯಿಂದ ಬಂದು ನಮ್ಮಲ್ಲಿ ನೆಲೆನಿಂತವು. ಉದ್ಯೋಗವೆಂಬುದು ಸಂಸ್ಕೃತದ ಮಾತು. ಮೇಲೆದ್ದು ತೊಡಗುವುದು, ಪ್ರಯತ್ನ ಎಂಬುದು ಅದರ ಮೂಲಾರ್ಥ. ಮಹಾಭಾರತದ ಉದ್ಯೋಗಪರ್ವವೆಂದರೆ ಸಿದ್ಧತೆಯ ಪರ್ವವೇ ಹೊರತು ಸಂಬಳದ ಪರ್ವವಲ್ಲ. ಇನ್ನು ‘ವೃತ್ತಿ’ ಎಂಬ ಶಬ್ದವಂತೂ ‘ಇರು, ನಡೆ’ ಎಂಬರ್ಥದ ವೃತ್ ಧಾತುವಿನಿಂದ ಹುಟ್ಟಿದೆ. ವರ್ತನೆ, ವೃತ್ತಾಂತ, ಪ್ರವೃತ್ತಿ, ನಿವೃತ್ತಿ ಇವೆಲ್ಲ ಅದರ ಒಡಹುಟ್ಟುಗಳು. ಹೊಟ್ಟೆಪಾಡಿನ ಕೆಲಸಕ್ಕೂ ನಡೆವಳಿಕೆಗೂ ಒಂದೇ ಧಾತುವನ್ನು ಗೊತ್ತುಮಾಡಿದ ಹಿರಿಯರು ಮನುಷ್ಯನು ಮಾಡುವ ಕೆಲಸವೂ ಅವನು ಇರುವ ರೀತಿಯೂ ಬೇರೆಬೇರೆಯಲ್ಲವೆಂದು ಭಾವಿಸಿದ್ದರೆಂದು ತೋರುತ್ತದೆ. ಕೇವಲ ವ್ಯುತ್ಪತ್ತಿಯ ಬಲದಿಂದ ಇಷ್ಟು ದೊಡ್ಡ ಮಾತನ್ನು ಸಾಧಿಸಹೊರಡುವುದು ಶಾಸ್ತ್ರಸಮ್ಮತವಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ ಅದನ್ನೂ ಒಪ್ಪಬೇಕು. ಆದುದರಿಂದ ಒಂದು ವೃತ್ತಿಯನ್ನು ಹತ್ತಿರದಿಂದ ನೋಡಿ, ಅದು ತನ್ನನ್ನು ಕೈಕೊಂಡವರನ್ನು ಹೇಗೆ ತಿದ್ದಿತು, ಹೇಗೆ ಬೆಳೆಸಿತು ಎಂಬುದನ್ನು ವಿಚಾರಿಸುವುದು ಮೇಲು.

ಶಾಲೆಯನ್ನು ಮುಗಿಸಿ ಹೊರಡುವ ಹುಡುಗರಿಗೆ ಇಂಥ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ದಂಡನಾಯಕರ, ಮುತ್ಸದ್ದಿಗಳ, ಯಂತ್ರಶಿಲ್ಪಿಗಳ ಚರಿತ್ರೆಗಳನ್ನು ಹೇಳುವುದು ವಾಡಿಕೆ. ಅವರು ಕಟ್ಟಿದ ಅಣೆಕಟ್ಟನ್ನೋ ಗೆದ್ದ ಕೋಟೆಯನ್ನೋ ಬೆರಳಿಟ್ಟು ತೋರಿಸಬಹುದು. ಆದರೆ ನೂರಕ್ಕೆ ತೊಂಬತ್ತೊಂಬತ್ತು ಮಂದಿಯ ಪಾಲಿಗೆ ಬರುವುದು ಅಂಥ ಕೆಲಸವಲ್ಲ. ದಿನವೂ ಅದೇ ಮೇಜು, ಅದೇ ಕಡತ, ಅದೇ ತರಗತಿ, ಅದೇ ಅಂಗಡಿಯ ಕಟ್ಟೆ. ಇಂಥ ಒಂದೇ ಬಗೆಯ ಕೆಲಸದಲ್ಲಿ ಬೆಳವಣಿಗೆಗೆ ಎಡೆಯುಂಟೆ ಎಂಬುದು ಪ್ರಶ್ನೆ. ಕೋಶಕಾರನ ಕೆಲಸವನ್ನು ಇಲ್ಲಿ ಆರಿಸಿಕೊಂಡಿರುವುದು ಈ ಕಾರಣಕ್ಕಾಗಿಯೇ. ಹೊರಗಿನಿಂದ ನೋಡುವವರಿಗೆ ಅದಕ್ಕಿಂತ ಬೇಸರದ ಕೆಲಸ ಇನ್ನೊಂದಿರಲಾರದು. ೧೭೫೫ರಲ್ಲಿ ಇಂಗ್ಲಿಷಿನ ಹೆಸರಾಂತ ಕೋಶವನ್ನು ಹೊರತಂದ ಸಾಮ್ಯುಯೆಲ್ ಜಾನ್ಸನ್ ತನ್ನ ಕೋಶದಲ್ಲಿಯೇ ಕೋಶಕಾರನೆಂಬ ಪದಕ್ಕೆ ಅರ್ಥ ಬರೆಯುವಾಗ, ಯಾರಿಗೂ ಕೇಡು ಮಾಡದ ಕೂಲಿಯಾಳೆಂಬ ಧಾಟಿಯಲ್ಲಿ ತನ್ನನ್ನೇ ಪರಿಹಾಸ್ಯ ಮಾಡಿಕೊಂಡಿದ್ದಾನೆ.

ನಮ್ಮಲ್ಲಿ ಕೋಶವೆಂಬುದು ಹಿಂದೆ ಕಂಠಪಾಠದ ವಸ್ತುವಾಗಿದ್ದಿತು. ಅಮರಕೋಶವು ಮೂರು ಕಾಂಡಗಳಲ್ಲಿ, ಸ್ವರ್ಗವರ್ಗವೇ ಮೊದಲಾದ ವರ್ಗಗಳಲ್ಲಿ, ಪದ್ಯರೂಪದಲ್ಲಿ ಶಬ್ದಗಳನ್ನು ಜೋಡಿಸಿಕೊಟ್ಟಿತು. ಕನ್ನಡದಲ್ಲಿಯೂ ರನ್ನಕಂದ, ನಾಗವರ್ಮನ ಅಭಿಧಾನವಸ್ತುಕೋಶ, ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇತ್ಯಾದಿಗಳು ಇದೇ ಮಾರ್ಗದಲ್ಲಿ ನಡೆದವು. ಕಾವ್ಯ ಕಟ್ಟುವವನಿಗೆ ಪರ್ಯಾಯಪದಗಳು ನಾಲಗೆಯ ತುದಿಯಲ್ಲಿರಬೇಕೆಂಬುದು ಅವುಗಳ ಉದ್ದೇಶ. ಅಕಾರಾದಿಯಾಗಿ ಶಬ್ದಗಳನ್ನು ಜೋಡಿಸಿ, ಪ್ರತಿಯೊಂದು ಅರ್ಥಕ್ಕೂ ಪ್ರಯೋಗವನ್ನು ತೋರಿಸಿ, ಶಬ್ದದ ಹುಟ್ಟು ಬೆಳವಣಿಗೆಗಳನ್ನು ನಿರೂಪಿಸುವ ಕೋಶವಾದರೋ ಈಚಿನದು. ಇದರ ಕೆಲಸ ನಡೆಯುವುದು ಚೀಟಿಗಳಿಂದ.

ಚೀಟಿಯೆಂದರೆ ಒಂದು ಚಿಕ್ಕ ಕಾಗದದ ತುಂಡು. ಓದುಗನೊಬ್ಬನು ಒಂದು ಗ್ರಂಥವನ್ನು ಎದುರಿಗಿಟ್ಟುಕೊಂಡು ಓದುತ್ತ ಹೋಗುತ್ತಾನೆ. ಗಮನಾರ್ಹವಾದ ಪದ ಬಂದೊಡನೆ ಚೀಟಿಯ ತಲೆಯಲ್ಲಿ ಆ ಪದವನ್ನು ಬರೆದು, ಕೆಳಗೆ ಅದು ಬಂದಿರುವ ವಾಕ್ಯವನ್ನೋ ಪದ್ಯಭಾಗವನ್ನೋ ಯಥಾವತ್ತಾಗಿ ಎತ್ತಿ ಬರೆದು, ಗ್ರಂಥದ ಹೆಸರು, ಆಶ್ವಾಸ ಅಥವಾ ಸಂಧಿ, ಪದ್ಯದ ಸಂಖ್ಯೆ ಇವನ್ನು ಗುರುತುಮಾಡುತ್ತಾನೆ. ಒಂದು ಪದಕ್ಕೆ ಒಂದು ಚೀಟಿ. ಬಳಿಕ ಅವನ್ನೆಲ್ಲ ಅಕಾರಾದಿಯಾಗಿ ವಿಂಗಡಿಸಿ ಗೂಡುಗಳಲ್ಲಿಡುತ್ತಾರೆ. ಸಂಪಾದಕನು ಒಂದು ಪದಕ್ಕೆ ಸೇರಿದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಯಾವ ಪ್ರಯೋಗ ಯಾವ ಅರ್ಥಕ್ಕೆ ಸೇರುತ್ತದೆಂದು ಗುಂಪುಗೂಡಿಸಿ, ಅರ್ಥಗಳನ್ನು ಕ್ರಮಪಡಿಸಿ, ಕೊನೆಗೆ ವಿವರಣೆಯನ್ನು ಬರೆಯುತ್ತಾನೆ. ಓದುಗನು ಬರೆದ ಚೀಟಿಯಲ್ಲಿ ಪದ್ಯದ ಸಂಖ್ಯೆ ಬಿಟ್ಟುಹೋಗಿದ್ದರೆ ಆ ಒಂದು ಅಂಕಿಗಾಗಿ ಸಂಪಾದಕನು ಇಡೀ ಕಾವ್ಯವನ್ನು ಮತ್ತೆ ಮಗುಚಬೇಕಾಗುತ್ತದೆ. ಅರ್ಧ ನಿಮಿಷದ ಅಲಕ್ಷ್ಯವು ಇನ್ನೊಬ್ಬನ ಅರ್ಧ ದಿನವನ್ನು ತಿನ್ನುತ್ತದೆಂಬುದನ್ನು ಚೀಟಿಗಳೊಡನೆ ಕೆಲಸ ಮಾಡಿದವರು ಬಹುಬೇಗ ಕಲಿಯುತ್ತಾರೆ. ಕಚೇರಿಯ ಕಡತದಲ್ಲಿ ತಾರೀಖು ಹಾಕದೆ ರುಜು ಮಾಡುವವರು ಇದನ್ನು ಯೋಚಿಸಬೇಕು.

ಒಂದು ಚೀಟಿಯ ಕಟ್ಟು ಎಲ್ಲೋ ಜಾರಿಬಿದ್ದುದರಿಂದ ಏನಾಗುತ್ತದೆಂಬುದಕ್ಕೆ ಇಂಗ್ಲಿಷಿನ ಆಕ್ಸ್‌ಫರ್ಡ್ ಮಹಾಕೋಶದ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ‘ಬಾಂಡ್‌ಮೇಡ್’, ಎಂದರೆ ದಾಸಿ ಎಂಬ ಪದ ಇಂಗ್ಲಿಷ್ ಬೈಬಲ್ಲಿನಲ್ಲಿಯೇ ಬರುವಂಥದು. ಅದರ ಚೀಟಿಗಳೂ ಸಂಗ್ರಹವಾಗಿದ್ದವು. ಆದರೆ ಆ ಚೀಟಿಗಳು ಕಾಣೆಯಾದುದರಿಂದ ಆ ಪದವೇ ಇಲ್ಲದೆ ಸಂಪುಟ ಅಚ್ಚಾಗಿ ಹೊರಬಂದಿತು. ಲಕ್ಷಾಂತರ ಪದಗಳನ್ನು ಹಿಡಿದಿಟ್ಟ ಬಲೆಯಿಂದ ಒಂದು ಪದ ತಪ್ಪಿಸಿಕೊಂಡುದಕ್ಕೆ ಆ ಕೋಶದ ಸಂಪಾದಕರು ಪಟ್ಟ ಸಂಕಟ ಅಷ್ಟಿಷ್ಟಲ್ಲ. ಆ ಪದ ಕೊನೆಗೆ ೧೯೩೩ರ ಅನುಬಂಧದಲ್ಲಿ ಸ್ಥಾನ ಪಡೆಯಿತು.

ಈ ಸಂಪಾದಕರು ಜೇಮ್ಸ್ ಮರ್ರೆ. ಅವರ ವೃತ್ತಿಜೀವನವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ೧೮೩೭ರಲ್ಲಿ ಸ್ಕಾಟ್ಲೆಂಡಿನ ಒಂದು ಹಳ್ಳಿಯಲ್ಲಿ ದರ್ಜಿಯೊಬ್ಬನ ಮಗನಾಗಿ ಹುಟ್ಟಿದ ಅವರು ಹದಿನಾಲ್ಕನೆಯ ವಯಸ್ಸಿನ ಸುಮಾರಿಗೆ ಶಾಲೆ ಬಿಟ್ಟರು. ತಮ್ಮಷ್ಟಕ್ಕೆ ತಾವೇ ಭಾಷೆಗಳನ್ನು ಕಲಿತು ಉಪಾಧ್ಯಾಯರಾದರು. ಹೆಂಡತಿಯ ಅನಾರೋಗ್ಯದ ನಿಮಿತ್ತ ಊರು ಬಿಟ್ಟು ಲಂಡನ್ನಿಗೆ ಹೋಗಿ, ಮೆಚ್ಚಿನ ಪಾಠದ ಕೆಲಸವನ್ನು ಬಿಟ್ಟು, ಬ್ಯಾಂಕೊಂದರಲ್ಲಿ ಗುಮಾಸ್ತಿಕೆಗೆ ಸೇರಬೇಕಾಯಿತು. ೧೮೬೬ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕಿದಾಗ ತಮಗೆ ಪರಿಚಯವಿದ್ದ ಭಾಷೆಗಳ ಉದ್ದನೆಯ ಪಟ್ಟಿಯನ್ನೇ ಅದರಲ್ಲಿ ಬರೆದಿದ್ದರು. ಕೆಲಸ ಸಿಕ್ಕಲಿಲ್ಲ. ಇಂದಿಗೂ ಅರ್ಜಿ ಹಾಕಿ ಕಾದು ಕುಳಿತ ತರುಣರು ಈ ಸಂಗತಿಯನ್ನು ಓದಿ ಸ್ವಲ್ಪ ಸಮಾಧಾನ ತಂದುಕೊಳ್ಳಬಹುದು. ಗಮನಿಸಬೇಕಾದುದು ಇಷ್ಟೆ: ಬ್ಯಾಂಕಿನಲ್ಲಿ ಅಂಕಿಗಳನ್ನು ಕೂಡಿಸುತ್ತಿದ್ದ ವರ್ಷಗಳಲ್ಲಿಯೂ ಅವರು ಭಾಷೆಗಳ ವ್ಯಾಸಂಗವನ್ನು ಕೈಬಿಡಲಿಲ್ಲ. ೧೮೭೦ರಲ್ಲಿ ಮತ್ತೆ ಉಪಾಧ್ಯಾಯ ವೃತ್ತಿಗೆ ಮರಳಿದರು. ೧೮೭೯ರಲ್ಲಿ ಮಹಾಕೋಶದ ಸಂಪಾದಕತ್ವ ಅವರನ್ನು ಹುಡುಕಿಕೊಂಡು ಬಂದಿತು.

ಕೋಶವನ್ನು ಹತ್ತು ವರ್ಷಗಳಲ್ಲಿ ಮುಗಿಸಬೇಕೆಂದು ಕರಾರಾಗಿತ್ತು. ಹಿಂದಿನವರು ಕೂಡಿಟ್ಟ ಚೀಟಿಗಳು ಮೂಟೆಗಟ್ಟಲೆ ಬಂದು ಬಿದ್ದವು. ಒಂದು ಮೂಟೆಯಲ್ಲಿ ಸತ್ತ ಹೆಗ್ಗಣವಿದ್ದಿತು. ಇನ್ನೊಂದರಲ್ಲಿ ಇಲಿಯೊಂದು ಸಂಸಾರಸಮೇತ ವಾಸವಾಗಿದ್ದಿತು. ಮರ್ರೆಯವರು ಶಾಲೆಯ ಆವರಣದಲ್ಲಿ ತಗಡಿನ ಕೊಟ್ಟಡಿಯೊಂದನ್ನು ಕಟ್ಟಿಸಿ, ಸಾವಿರಕ್ಕೂ ಮಿಕ್ಕ ಗೂಡುಗಳನ್ನು ಮಾಡಿಸಿ, ಚೀಟಿಗಳನ್ನು ಅವುಗಳಲ್ಲಿ ಹಂಚಿಸಿದರು. ವಿಂಗಡಿಸುವ ಕೆಲಸಕ್ಕೆ ಮನೆಯ ಮಕ್ಕಳನ್ನೂ ಕೂರಿಸಿ ಅವರಿಗೆ ಬಿಡಿಕಾಸು ಕೊಡುತ್ತಿದ್ದರು. ಹಗಲು ಪಾಠ, ಉಳಿದ ಹೊತ್ತು ಕೋಶ. ಐದು ವರ್ಷ ದುಡಿದ ಬಳಿಕ, ೧೮೮೪ರಲ್ಲಿ ಮೊದಲ ಕಂತು ಹೊರಬಂದಾಗ ಕೋಶ ಇರುವೆಯವರೆಗೆ ಮಾತ್ರ ಬಂದಿದ್ದಿತು! ಆ ಕಂತು ‘ಎ’ ಅಕ್ಷರದಿಂದ ತೊಡಗಿ, ಇರುವೆ ಎಂಬರ್ಥದ ‘ಆ್ಯಂಟ್’ ಶಬ್ದದಲ್ಲಿ ಮುಗಿದಿತ್ತು.

ಇಂಥ ಸಂದರ್ಭದಲ್ಲಿ ಕೆಲಸಗಾರನ ಮುಂದೆ ಮೂರು ದಾರಿಗಳಿರುತ್ತವೆ. ಕೈಚೆಲ್ಲುವುದು ಒಂದು. ಕೆಲಸವನ್ನು ತೇಲಿಸಿ ಲೆಕ್ಕ ತೋರಿಸುವುದು ಇನ್ನೊಂದು. ಇದಕ್ಕೆ ಲೋಕದಲ್ಲಿ ಅನುಯಾಯಿಗಳು ಹೆಚ್ಚು. ಮರ್ರೆಯವರು ಮೂರನೆಯದನ್ನು ಹಿಡಿದರು. ಪ್ರಕಾಶಕರು ಚೀಟಿಗಳನ್ನು ಕಡಮೆಮಾಡಿ ಬೇಗ ಮುಗಿಸೆಂದು ಒತ್ತಾಯಿಸಿದರೂ ಪ್ರಮಾಣದ ಮಟ್ಟವನ್ನು ಇಳಿಸಲೊಪ್ಪದೆ, ಕೆಲಸದ ಏರ್ಪಾಡನ್ನೇ ಬದಲಾಯಿಸಲು ಒಪ್ಪಿಕೊಂಡರು. ೧೮೮೫ರಲ್ಲಿ ಪಾಠವನ್ನು ಬಿಟ್ಟು ಆಕ್ಸ್‌ಫರ್ಡಿಗೆ ಹೋದರು. ಹೆನ್ರಿ ಬ್ರಾಡ್ಲಿಯವರಂಥ ಸಮರ್ಥರು ಸಂಪಾದಕತ್ವದಲ್ಲಿ ಪಾಲುಗಾರರಾಗಿ ಬಂದರು. ತಾನೊಬ್ಬನೇ ಮಾಡಬಲ್ಲೆನೆಂಬ ಹಮ್ಮನ್ನು ಬಿಡುವುದು ಮರ್ರೆಯವರಂಥ ಸ್ವಾಭಿಮಾನಿಗೆ ಸುಲಭವಾಗಿರಲಿಕ್ಕಿಲ್ಲ. ಮಟ್ಟವನ್ನು ಬಿಡದೆ ಹಮ್ಮನ್ನು ಬಿಟ್ಟರು ಎಂಬುದೇ ಇಲ್ಲಿಯ ವಿಶೇಷ. ಬಹುಮಂದಿ ಮಾಡುವುದು ಇದರ ತಿರುವುಮುರುವನ್ನು.

ಇನ್ನು ಕೋಶದ ಕೆಲಸದ ಒಳಗಣ ಕಷ್ಟವನ್ನು ನೋಡಬೇಕು. ಹೊರಗಿನವರು ಭಾವಿಸುವಂತೆ ಅಪರೂಪದ, ಕ್ಲಿಷ್ಟವಾದ ಪದಗಳು ಕೋಶಕಾರನನ್ನು ಕಾಡುವುದಿಲ್ಲ. ‘ಪುಂಡರೀಕ’ ಎಂಬುದಕ್ಕೆ ಅರ್ಥ ಬರೆಯುವುದು ಎಷ್ಟು ಹೊತ್ತಿನ ಕೆಲಸ? ಕಷ್ಟವಿರುವುದು ‘ಹಿಡಿ’ ಎಂಬಂಥ ಎರಡಕ್ಷರದ, ಮಗುವಿಗೂ ಗೊತ್ತಿರುವ ಪದದಲ್ಲಿ. ಕಳ್ಳನನ್ನು ಹಿಡಿಯುತ್ತಾರೆ, ಮೀನನ್ನು ಹಿಡಿಯುತ್ತಾರೆ, ಕೊಡೆಯನ್ನು ಹಿಡಿಯುತ್ತಾರೆ. ಈ ಮೂರರಲ್ಲಿಯೂ ಕೈಗೆ ಕೆಲಸವಿದೆಯಾದರೂ ಕೆಲಸ ಒಂದೇ ಅಲ್ಲ. ದಾರಿಯನ್ನು ಹಿಡಿಯುವಾಗ ಕೈಗೇನೂ ಸಿಕ್ಕುವುದಿಲ್ಲ. ಹಟ ಹಿಡಿಯುವವನು ಹಟವನ್ನು ಹಿಡಿದನೋ, ಹಟವೇ ಅವನನ್ನು ಹಿಡಿಯಿತೋ ಹೇಳುವುದು ಕಷ್ಟ. ಹುಚ್ಚು ಹಿಡಿಯಿತೆಂಬಲ್ಲಿ ಮಾತ್ರ ಕರ್ತೃ ಹುಚ್ಚೇ ಎಂಬುದರಲ್ಲಿ ಸಂದೇಹವಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಳೆ ಹಿಡಿದರೆ ನಾಲ್ಕು ದಿನ ಬಿಡುವುದಿಲ್ಲ, ಪಾತ್ರೆ ಎರಡು ಸೇರು ಹಿಡಿಯುತ್ತದೆ, ಕೆಲಸ ಎರಡು ದಿನ ಹಿಡಿಯುತ್ತದೆ. ಕೈಹಿಡಿದವಳು ಹೆಂಡತಿ, ಕಷ್ಟದಲ್ಲಿ ಕೈಹಿಡಿದವನು ಉಪಕಾರಿ. ಇದೆಲ್ಲ ಕ್ರಿಯಾಪದವಾಯಿತು. ಇನ್ನು ಒಂದು ಹಿಡಿ ಅಕ್ಕಿಯೂ ಚಾಕುವಿನ ಹಿಡಿಯೂ ನಾಮಪದಗಳಾಗಿ ಸರದಿಯಲ್ಲಿ ಕಾದುನಿಂತಿವೆ. ಇವನ್ನೆಲ್ಲ ಯಾವ ಅನುಕ್ರಮದಲ್ಲಿ ಇಡಬೇಕು, ಯಾವ ಅರ್ಥ ಯಾವುದರಿಂದ ಕವಲೊಡೆಯಿತು, ಯಾವುದು ನುಡಿಗಟ್ಟು, ಯಾವುದು ಬೇರೆ ಅರ್ಥ ಎಂಬುದನ್ನು ತೀರ್ಮಾನಿಸಲು ಅನುಭವಿಯಾದ ಸಂಪಾದಕನಿಗೂ ವಾರಗಳು ಬೇಕಾಗುತ್ತವೆ. ದಿನವೂ ಬಳಸುವುದನ್ನೇ ನಾವು ನೋಡಿರುವುದಿಲ್ಲ. ತನ್ನ ಕೆಲಸದಲ್ಲಿ ಹೊಸದೇನೂ ಇಲ್ಲವೆಂದು ಗೊಣಗುವ ಗುಮಾಸ್ತನೋ ಉಪಾಧ್ಯಾಯನೋ ಒಂದು ಸಂಜೆ ಕುಳಿತು ‘ಬೀಳು’ ಎಂಬ ಪದಕ್ಕೆ ಇರುವ ಅರ್ಥಗಳನ್ನು ಬರೆದು ನೋಡಬೇಕು. ಹತ್ತಕ್ಕೆ ನಿಲ್ಲಿಸಲು ಸಾಧ್ಯವಾಗುವುದಿಲ್ಲ.

ಪುಸ್ತಕಗಳಿಂದಲೇ ಎಲ್ಲ ಪದಗಳೂ ದೊರೆಯುವುದಿಲ್ಲ ಎಂಬುದು ಕೋಶಕಾರನಿಗೆ ಆಗುವ ಎರಡನೆಯ ಜ್ಞಾನೋದಯ. ‘ಒಂದು ಬಗೆಯ ಗಿಡ’, ‘ಒಂದು ಜಾತಿಯ ಮೀನು’, ‘ಒಂದು ಕೃಷಿ ಉಪಕರಣ’ ಎಂಬ ಮೂರು ಮಂತ್ರಗಳಿಂದ ಅರ್ಧ ನಿಘಂಟನ್ನು ಬರೆದು ಮುಗಿಸುವ ಪಂಡಿತರಿದ್ದಾರೆ. ಉತ್ತರ ಕರ್ನಾಟಕದ ಎರೆಭೂಮಿಯ ಒಕ್ಕಲಿಗನನ್ನು ಕೇಳಿದರೆ ರಂಟೆ ಬೇರೆ, ಕುಂಟೆ ಬೇರೆ, ಕೂರಿಗೆ ಬೇರೆ. ರಂಟೆ ನೆಲವನ್ನು ಉಳುವುದಕ್ಕೆ, ಕುಂಟೆ ಮೇಲ್ಮಣ್ಣನ್ನು ಸಡಿಲಿಸಿ ಕಳೆ ಕೀಳುವುದಕ್ಕೆ, ಕೂರಿಗೆ ಸಾಲಿನಲ್ಲಿ ಬೀಜ ಬಿತ್ತುವುದಕ್ಕೆ. ಪೈರು ಎದ್ದ ಮೇಲೆ ಸಾಲುಗಳ ನಡುವಣ ಎಡೆಯಲ್ಲಿ ಹೊಡೆಯುವುದು ಎಡೆಕುಂಟೆ. ಹೆಸರೇ ಅರ್ಥವನ್ನು ಹೇಳುತ್ತದೆ. ಇವೆಲ್ಲವನ್ನೂ ‘ಕೃಷಿ ಉಪಕರಣ’ ಎಂದು ಬರೆದವನು ಹೊಲಕ್ಕೆ ಹೋದವನಲ್ಲವೆಂದು ಯಾವ ರೈತನೂ ಹೇಳಿಯಾನು. ‘ಹಾಸುಹೊಕ್ಕು’ ಎಂಬ ಮಾತನ್ನು ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಮಗ್ಗದ ಮೇಲೆ ಉದ್ದಕ್ಕೆ ಹಾಕಿದ ನೂಲು ಹಾಸು; ಲಾಳಿ ಅಡ್ಡಡ್ಡಲಾಗಿ ಓಡಿಸುವ ನೂಲು ಹೊಕ್ಕು. ನೇಕಾರನ ಮನೆಯ ಜಗಲಿಯ ಮೇಲೆ ಒಂದು ಗಳಿಗೆ ಕುಳಿತವನಿಗೆ ಈ ನುಡಿಗಟ್ಟಿನ ಜೀವ ಸಿಕ್ಕುತ್ತದೆ. ವಿದ್ವಾಂಸನಾದವನು ನೇಕಾರನ ಮುಂದೆ, ಒಕ್ಕಲಿಗನ ಮುಂದೆ ಶಿಷ್ಯನಾಗಿ ಕೂರಲು ಕಲಿತರೆ ಅವನ ಕೋಶವೂ ಬೆಳೆಯುತ್ತದೆ, ಅವನೂ ಬೆಳೆಯುತ್ತಾನೆ.

ಕನ್ನಡದ ಮಟ್ಟಿಗೆ ಹೀಗೆ ಶಿಷ್ಯನಾಗಿ ಕುಳಿತವರಲ್ಲಿ ಅಗ್ರಗಣ್ಯರು ಫರ್ಡಿನೆಂಡ್ ಕಿಟ್ಟೆಲ್ಲರು. ೧೮೩೨ರಲ್ಲಿ ಉತ್ತರ ಜರ್ಮನಿಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿ, ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಭಾರತಕ್ಕೆ ಬಂದವರು. ಅವರು ಬಂದುದು ಕೋಶ ಬರೆಯುವುದಕ್ಕಲ್ಲ. ತಮ್ಮ ಮತವನ್ನು ಬೋಧಿಸುವುದಕ್ಕೆ. ಆದರೆ ಜನರ ಭಾಷೆಯನ್ನು, ಅವರ ಕಾವ್ಯವನ್ನು, ಅವರ ಗಾದೆಗಳನ್ನು ತಿಳಿಯದೆ ಅವರೊಡನೆ ಮಾತನಾಡುವುದು ಹೇಗೆಂದು ಅವರು ಕನ್ನಡದ ವ್ಯಾಸಂಗಕ್ಕೆ ತೊಡಗಿದರು. ಬೋಧನೆಯ ಮಾರ್ಗದ ವಿಷಯದಲ್ಲಿ ಸಂಸ್ಥೆಯ ಹಿರಿಯರಿಗೂ ಅವರಿಗೂ ಅಭಿಪ್ರಾಯಭೇದಗಳುಂಟಾದವು. ಯಾವ ಕೆಲಸಕ್ಕಾಗಿ ಸಮುದ್ರ ದಾಟಿ ಬಂದರೋ ಆ ಕೆಲಸದಲ್ಲಿ ಅವರಿಗೆ ದೊಡ್ಡ ಹೆಸರು ಬರಲಿಲ್ಲ. ಲೌಕಿಕರು ಇದನ್ನು ವೃತ್ತಿಯಲ್ಲಿ ಸೋಲೆಂದೇ ಎಣಿಸಿಯಾರು. ಕಿಟ್ಟೆಲ್ಲರಾದರೋ ಆ ಬದಿಯ ಕೆಲಸವನ್ನೇ ಮುಖ್ಯ ಕೆಲಸವನ್ನಾಗಿ ಮಾಡಿಕೊಂಡರು. ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು. ಕೋಶಕ್ಕೆ ಕೈಹಾಕುವ ಮುನ್ನ ವ್ಯಾಕರಣವನ್ನೂ ಛಂದಸ್ಸನ್ನೂ ಹೀಗೆ ಕೈವಶಮಾಡಿಕೊಂಡುದು ಅಡಿಪಾಯವನ್ನು ತೋಡಿ ಗೋಡೆ ಎಬ್ಬಿಸಿದಂತೆ.

ಈ ಅಡಿಪಾಯದ ಪ್ರಯೋಜನಕ್ಕೆ ಒಂದೇ ಉದಾಹರಣೆ ಸಾಕು. ಇಂದಿನ ಬರೆವಣಿಗೆಯಲ್ಲಿ ‘ಬಾಳು’ ಎಂದರೆ ಜೀವನ. ಹಳೆಯ ಕಾವ್ಯವನ್ನು ಓದುವಾಗ ‘ಬಾಳ್’ ಎಂದರೆ ಕತ್ತಿಯೆಂಬ ಅರ್ಥವೂ ಎದುರಾಗುತ್ತದೆ. ಜೀವನವೂ ಕತ್ತಿಯೂ ಒಂದೇ ಶಬ್ದದ ಎರಡು ಅರ್ಥಗಳೆಂದು ಬಗೆದು, ಬದುಕು ಕತ್ತಿಯ ಅಲಗಿನಂತೆಂಬ ವೇದಾಂತವನ್ನು ಕಟ್ಟುವ ಉಪನ್ಯಾಸಕಾರರೂ ಇರಬಹುದು. ಹಳಗನ್ನಡದಲ್ಲಿ ಇವು ಎರಡೂ ಬೇರೆಬೇರೆ ಶಬ್ದಗಳು: ಬದುಕು ಎಂಬರ್ಥದ್ದು ‘ಬಾೞ್’, ಕತ್ತಿ ಎಂಬರ್ಥದ್ದು ‘ಬಾಳ್’. ೞಕಾರವು ನುಡಿಯಿಂದ ಮರೆಯಾದ ಮೇಲೆ ಎರಡರ ರೂಪವೂ ಒಂದಾಯಿತು. ತಮಿಳಿನಲ್ಲಿ ಈ ಭೇದ ಇಂದಿಗೂ ಉಳಿದಿದೆ. ಯಾವ ಶಬ್ದಗಳಲ್ಲಿ ೞಕಾರವಿದೆಯೆಂದು ಕೇಶಿರಾಜನು ಪಟ್ಟಿಮಾಡಿ ಹೇಳಿದ್ದಾನೆ. ಆ ಸೂತ್ರಗಳನ್ನು ಅಚ್ಚಿಗಾಗಿ ಅಕ್ಷರಕ್ಷರ ತಿದ್ದಿದ ಕಿಟ್ಟೆಲ್ಲರಿಗೆ ಕೋಶದಲ್ಲಿ ಈ ಭೇದವನ್ನು ಕಾಪಾಡುವುದು ಸಹಜವಾಯಿತು. ಒಂದು ಕೆಲಸದಲ್ಲಿ ಪಟ್ಟ ಶ್ರಮ ಇನ್ನೊಂದು ಕೆಲಸದಲ್ಲಿ ಹೀಗೆ ಫಲಿಸುತ್ತದೆ. ಎಲ್ಲಿ, ಯಾವಾಗ ಎಂದು ಮೊದಲೇ ಹೇಳಲಾಗದು.

ಕಿಟ್ಟೆಲ್ಲರು ಕಾವ್ಯಗಳ ಜತೆಗೆ ಆಡುಮಾತಿನ ಪದಗಳನ್ನೂ, ಬೇರೆಬೇರೆ ಪ್ರಾಂತಗಳ ಬಳಕೆಗಳನ್ನೂ, ಸಾವಿರಾರು ಗಾದೆಗಳನ್ನೂ ತಮ್ಮ ಕೋಶದಲ್ಲಿ ಸೇರಿಸಿದರು. ಇದರಲ್ಲಿ ಅವರಿಗೆ ನೆರವಾದವರು ಇಲ್ಲಿಯ ಪಂಡಿತರು, ಮುನ್ಶಿಗಳು. ನಡುವೆ ಆರೋಗ್ಯ ಕೆಟ್ಟು ಸ್ವದೇಶಕ್ಕೆ ಹೋಗಬೇಕಾಯಿತು. ಮತ್ತೆ ಬಂದು ಕೆಲಸವನ್ನು ಮುಂದುವರಿಸಿದರು. ೧೮೯೪ರಲ್ಲಿ ಮಂಗಳೂರಿನಿಂದ ಕೋಶ ಪ್ರಕಟವಾಯಿತು: ಸಾವಿರದ ಏಳುನೂರಕ್ಕೂ ಮಿಕ್ಕ ಪುಟಗಳು, ಸುಮಾರು ೭೦,೦೦೦ ಪದಗಳು. ಇಪ್ಪತ್ತೊಂದರ ತರುಣನಾಗಿ ಬಂದವರು ಕೋಶ ಅಚ್ಚಾದಾಗ ಅರುವತ್ತೆರಡರ ಮುದುಕರು. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟಕ್ಕೆ ಸುಮ್ಮನಾಗದೆ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ೧೯೦೩ರಲ್ಲಿ ಪ್ರಕಟಿಸಿ, ಆ ವರ್ಷವೇ ತೀರಿಕೊಂಡರು.

ಅವರ ಕೋಶವನ್ನು ತಿರುವಿಹಾಕುವವರಿಗೆ ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಣ್ಣಿಗೆ ಬೀಳುತ್ತವೆ. ವ್ಯುತ್ಪತ್ತಿ ನಿಶ್ಚಿತವಲ್ಲದ ಕಡೆ ಅವರು ಆ ಗುರುತನ್ನು ಹಾಕಿಟ್ಟು ಮುಂದೆ ಹೋಗಿದ್ದಾರೆ. ಇದು ಸಣ್ಣ ಸಂಗತಿಯೆಂದು ತೋರಬಹುದು. ಆದರೆ ಅಧಿಕಾರದ ಕುರ್ಚಿಯಲ್ಲಿ ಕುಳಿತವನು ‘ಇದು ಗೊತ್ತಿಲ್ಲ’ ಎಂದು ಬರಹದಲ್ಲಿ ಒಪ್ಪಿಕೊಳ್ಳುವುದನ್ನು ಎಷ್ಟು ಕಚೇರಿಗಳಲ್ಲಿ ಕಂಡಿದ್ದೇವೆ? ಹಿಂದೆ ಹೇಳಿದ ಜಾನ್ಸನ್ನನ ಬಗ್ಗೆ ಒಂದು ಕತೆಯಿದೆ. ಕುದುರೆಯ ಗೊರಸಿಗೆ ತುಸು ಮೇಲಣ ಭಾಗವನ್ನು ಹೇಳುವ ಪದವೊಂದಕ್ಕೆ ಅವನು ಕುದುರೆಯ ಮೊಣಕಾಲೆಂದು ಅರ್ಥ ಬರೆದಿದ್ದ. ಹಾಗೇಕೆ ಬರೆದಿರೆಂದು ಒಬ್ಬ ಮಹಿಳೆ ಕೇಳಿದಾಗ, ಸಮರ್ಥನೆಯನ್ನು ನಿರೀಕ್ಷಿಸಿದ್ದ ಆಕೆಗೆ ಅವನು ಕೊಟ್ಟ ಉತ್ತರ, ಅದಕ್ಕೆ ಕಾರಣ ಅಜ್ಞಾನವೊಂದೇ ಎಂಬುದು. ತರ್ಕಕ್ಕೆ ನಿಂತರೆ ಎದುರಾಳಿಯನ್ನು ಮಣ್ಣು ಮುಕ್ಕಿಸುತ್ತಿದ್ದ ಮನುಷ್ಯನಾತ. ಆತನಿಗೆ ಒಂದು ನೆಪ ಹುಡುಕುವುದು ಕಷ್ಟವಿರಲಿಲ್ಲ.

ಕಿಟ್ಟೆಲ್ಲರದು ಬಹುಮಟ್ಟಿಗೆ ಒಬ್ಬರ ಸಾಹಸ; ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಾದರೋ ಮಂಡಲಿಯ ಕಾರ್ಯ. ಕಳೆದ ಶತಮಾನದ ನಲವತ್ತರ ದಶಕದಲ್ಲಿ ಆ ಯೋಜನೆ ತೊಡಗಿತು. ಶಾಸನಗಳಿಂದ ಹಿಡಿದು ಹೊಸಗನ್ನಡದವರೆಗಿನ ಪ್ರಯೋಗಗಳನ್ನು ಚೀಟಿಗಳಲ್ಲಿ ಸಂಗ್ರಹಿಸಿ, ಐತಿಹಾಸಿಕ ಕ್ರಮದಲ್ಲಿ ಉದಾಹರಣೆಗಳನ್ನು ಕೊಡುವ ಕೋಶವಿದು. ಮಂಡಲಿಯಲ್ಲಿ ಕೆಲಸ ಮಾಡುವುದರ ಸುಖದುಃಖಗಳು ಮಂಡಲಿಯಲ್ಲಿ ಕುಳಿತವರಿಗೇ ಗೊತ್ತು. ಒಬ್ಬರು ರಾತ್ರಿಯೆಲ್ಲ ಕುಳಿತು ಬರೆದ ಅರ್ಥವಿವರಣೆಯನ್ನು ಇನ್ನೊಬ್ಬರು ಎರಡು ನಿಮಿಷದಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುತ್ತಾರೆ. ಹೊಡೆದುಹಾಕಿದವರು ಪ್ರಯೋಗವನ್ನು ತೋರಿಸಿದರೆ ಬರೆದವರು ಒಪ್ಪಬೇಕು. ತೋರಿಸಲಾರದಿದ್ದರೆ ತಾವೇ ಹಿಂದೆ ಸರಿಯಬೇಕು. ವಯಸ್ಸಿಗಾಗಲಿ ಪದವಿಗಾಗಲಿ ಅಲ್ಲಿ ಮತವಿಲ್ಲ, ಚೀಟಿಗೆ ಮಾತ್ರ ಮತ. ಜಗಳ ಮನುಷ್ಯರ ನಡುವೆ ಉಳಿಯದೆ ಚೀಟಿಗಳ ನಡುವೆ ನಡೆಯುವಂತಾದುದರಿಂದಲೇ ಅಷ್ಟು ವರ್ಷ ಅಷ್ಟು ಜನ ವಿದ್ವಾಂಸರು ಒಂದು ಕೊಠಡಿಯಲ್ಲಿ ಕೂರಲು ಸಾಧ್ಯವಾಯಿತೆನ್ನಬೇಕು. ವಿದ್ವಾಂಸರನ್ನು ಬಲ್ಲವರಿಗೆ ಇದು ಸಾಮಾನ್ಯವಾದ ಸಾಧನೆಯಲ್ಲವೆಂದು ಹೇಳಬೇಕಾಗಿಲ್ಲ.

ಅದರ ಪ್ರಧಾನ ಸಂಪಾದಕರಾಗಿದ್ದ ಡಿ. ಎಲ್. ನರಸಿಂಹಾಚಾರ್ಯರ ಕಣ್ಣಮುಂದೆ ೧೯೭೦ರಲ್ಲಿ ಮೊದಲ ಸಂಪುಟ ಹೊರಬಂದಿತು. ೧೯೭೧ರಲ್ಲಿ ಅವರು ತೀರಿಕೊಂಡರು. ಎಂಟನೆಯ, ಕೊನೆಯ ಸಂಪುಟ ಪ್ರಕಟವಾದುದು ೧೯೯೫ರಲ್ಲಿ. ಆಕ್ಸ್‌ಫರ್ಡಿನಲ್ಲಿಯೂ ಹೀಗೆಯೇ ಆಯಿತು: ಮರ್ರೆಯವರು ೧೯೧೫ರಲ್ಲಿ ನಿಧನರಾದರು, ಕೋಶ ಮುಗಿದುದು ೧೯೨೮ರಲ್ಲಿ, ನಾಲ್ಕು ಲಕ್ಷಕ್ಕೂ ಮಿಕ್ಕ ಪದಗಳೊಂದಿಗೆ. ತಾನು ಹಚ್ಚಿದ ಗಿಡದ ಹಣ್ಣನ್ನು ತಾನು ತಿನ್ನುವುದಿಲ್ಲವೆಂದು ತಿಳಿದೂ ಬೆಳಗ್ಗೆ ಎದ್ದು ಮೇಜಿನ ಮುಂದೆ ಕೂರುವ ಬಲ ಇವರಿಗೆಲ್ಲಿಂದ ಬಂತು? ಉತ್ಸಾಹದಿಂದ ಎಂದು ಹೇಳಿದರೆ ಅರ್ಧಸತ್ಯವಾದೀತು. ಉತ್ಸಾಹ ಮೂವತ್ತು ವರ್ಷ ಒಂದೇ ಸಮನೆ ಉರಿಯುವ ಎಣ್ಣೆಯಲ್ಲ. ಇವರ ದಿನಚರಿಗಳನ್ನು ನೋಡಿದರೆ, ಕೋಶವನ್ನು ಮುಗಿಸಬೇಕೆಂಬ ಯೋಚನೆಗಿಂತ ಇಂದಿನ ಪದವನ್ನು ಮುಗಿಸಬೇಕೆಂಬ ಯೋಚನೆಯೇ ಹೆಚ್ಚಾಗಿದ್ದಿತೆಂದು ತೋರುತ್ತದೆ. ಇಂದು ‘ಹಿಡಿ’, ಅದು ಮುಗಿದ ಮೇಲೆ ‘ಹಿಡಿಕೆ’.

ನರಸಿಂಹಾಚಾರ್ಯರ ತರುವಾಯ ಆ ಹೊರೆಯನ್ನು ಹೊತ್ತು ಸಂಪುಟಗಳನ್ನು ಕೊನೆಮುಟ್ಟಿಸಿದವರು ಜಿ. ವೆಂಕಟಸುಬ್ಬಯ್ಯನವರು. ೧೯೧೩ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಅವರು ಹೊಸ ಕೆಲಸಗಳನ್ನು ಹಚ್ಚಿಕೊಂಡರು. ೧೯೯೧ರಲ್ಲಿ, ಎಪ್ಪತ್ತೆಂಟರ ಆಸುಪಾಸಿನಲ್ಲಿ, ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣವನ್ನು ಆರಂಭಿಸಿ ಓದುಗರು ಕೇಳಿದ ಪದಗಳಿಗೆ ಉತ್ತರ ಬರೆಯತೊಡಗಿದರು. ಮಹಾಕೋಶವನ್ನು ಕಟ್ಟಿದವರು ಅಂಚೆಯ ಕಾಗದದಲ್ಲಿ ಯಾರೋ ಕೇಳಿದ ಒಂದು ಪದಕ್ಕೆ ಪತ್ರಿಕೆಯ ಒಂದು ಮೂಲೆಯಲ್ಲಿ ವಿವರಣೆ ಬರೆಯುವುದು ಕೆಲವರಿಗೆ ಇಳಿತವೆಂದು ತೋರೀತು. ಅವರು ಹಾಗೆ ಎಣಿಸಲಿಲ್ಲ. ಅಡುಗೆಮನೆಯ ಪದ, ಬೈಗುಳದ ಪದ, ಊರಿನ ಹೆಸರು, ಎರವಲು ಪದ, ಯಾವುದು ಬಂದರೂ ಅದಕ್ಕೆ ಅದೇ ಶ್ರದ್ಧೆ. ಆ ಬರೆಹಗಳೇ ಮುಂದೆ ‘ಇಗೋ ಕನ್ನಡ’ ಎಂಬ ಸಾಮಾಜಿಕ ನಿಘಂಟಾದವು. ಎರವಲು ಪದಕೋಶ, ಕ್ಲಿಷ್ಟಪದಕೋಶಗಳೂ ಅವರಿಂದ ಬಂದವು. ನೂರಏಳು ವರ್ಷಗಳ ಜೀವನವನ್ನು ಪೂರೈಸಿ ೨೦೨೧ರ ಏಪ್ರಿಲಿನಲ್ಲಿ ಅವರು ನಿಧನರಾದರು. ವೃತ್ತಿಯಿಂದ ನಿವೃತ್ತರಾದುದಕ್ಕೂ ಕೆಲಸದಿಂದ ನಿವೃತ್ತರಾಗುವುದಕ್ಕೂ ಇರುವ ಅಂತರ ಅವರ ಮಟ್ಟಿಗೆ ಅರ್ಧ ಶತಮಾನಕ್ಕೆ ಹತ್ತಿರ.

ಕರಡು ತಿದ್ದುವ ಕೆಲಸದ ಮಾತೂ ಇಲ್ಲಿ ಸಲ್ಲಬೇಕು. ಮೊಳೆ ಜೋಡಿಸಿ ಅಚ್ಚುಹಾಕುತ್ತಿದ್ದ ಕಾಲದಲ್ಲಿ ಒತ್ತಕ್ಷರ ಮುರಿಯುವುದು, ಗುಣಿತ ಹಾರಿಹೋಗುವುದು, ‘ಧ’ ಇರಬೇಕಾದಲ್ಲಿ ‘ದ’ ಕೂರುವುದು ನಿತ್ಯದ ಹಾಡು. ಬೇರೆ ಪುಸ್ತಕದಲ್ಲಿ ಒಂದು ಅಕ್ಷರ ತಪ್ಪಿದರೆ ಓದುಗನು ಸಂದರ್ಭದಿಂದ ತಿದ್ದಿಕೊಳ್ಳುತ್ತಾನೆ. ಕೋಶದಲ್ಲಿ ತಪ್ಪಿದರೆ ಓದುಗನು ತನ್ನ ಸರಿಯನ್ನೇ ತಪ್ಪೆಂದು ತಿದ್ದಿಕೊಳ್ಳುತ್ತಾನೆ. ಆದಕಾರಣ ಕೋಶದ ಕರಡನ್ನು ಮೂರು ನಾಲ್ಕು ಸಲ, ಒಬ್ಬರು ಓದಿ ಇನ್ನೊಬ್ಬರು ಮೂಲಪ್ರತಿ ಹಿಡಿದು, ನೋಡಬೇಕಾಗುತ್ತಿತ್ತು. ಈ ಕೆಲಸ ಮಾಡಿದವರ ಹೆಸರುಗಳು ಮುಖಪುಟಕ್ಕೆ ಬರುವುದಿಲ್ಲ. ಬಂದರೆ ಮುನ್ನುಡಿಯ ಕೊನೆಯ ಸಾಲಿನಲ್ಲಿ ಬರುತ್ತವೆ. ಇಂದು ಮೊಳೆಗಳು ಹೋಗಿ ಗಣಕಯಂತ್ರ ಬಂದಿದೆ. ಲಕ್ಷ ಪುಟಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಅದು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ಚೀಟಿ ಬರೆಯುವ ಶ್ರಮವನ್ನು ಅದು ಇಳಿಸಿತು ನಿಜ. ಆ ಪ್ರಯೋಗಗಳನ್ನು ಎದುರಿಗಿಟ್ಟುಕೊಂಡು ಯಾವುದು ಯಾವ ಅರ್ಥವೆಂದು ಕುಳಿತು ಯೋಚಿಸುವ ಶ್ರಮ ಇದ್ದಲ್ಲಿಯೇ ಇದೆ.

ಕಿಟ್ಟೆಲ್ಲರ ಕೋಶವನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ವಿಸ್ತರಿಸಿ, ಮದರಾಸು ವಿಶ್ವವಿದ್ಯಾನಿಲಯದ ಮೂಲಕ ೧೯೬೮ರಿಂದ ೧೯೭೧ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ೧೯೬೧ರಲ್ಲಿ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶವನ್ನು ಪ್ರಕಟಿಸಿದಾಗ ಕನ್ನಡದ ಶಬ್ದಗಳಿಗೆ ಅವರು ಮುಖ್ಯವಾಗಿ ಆಶ್ರಯಿಸಿದ್ದು ಕಿಟ್ಟೆಲ್ಲರನ್ನೇ. ತಮಿಳು, ಮಲಯಾಳ, ತೆಲುಗು, ತುಳು, ಕೊಡವ ಮೊದಲಾದ ಸೋದರ ಭಾಷೆಗಳ ಶಬ್ದಗಳು ಅಲ್ಲಿ ಒಂದೇ ಸಾಲಿನಲ್ಲಿ ನಿಂತವು. ಕಿಟ್ಟೆಲ್ಲರು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದ ಶಬ್ದಗಳನ್ನು ಈಗ ಓದುಗನು ಈ ಸಾಲುಗಳ ಪಕ್ಕದಲ್ಲಿಟ್ಟು ನೋಡಬಹುದಾಗಿದೆ.